ಮುಚ್ಚಿದ ಬಾಗಿಲು, ಆರದ ದೀಪ

ಹಳೆಯ ಕಾರಿನ ವಿದ್ಯುನ್ಮಂಡಲದಲ್ಲಿ ದೋಷವನ್ನು ಹುಡುಕುವ ಕ್ರಮ

ಯಂತ್ರಗಳಿಗೆ ಮಾತು ಬಾರದು; ಆದರೂ ಅವು ತಮ್ಮ ಸ್ಥಿತಿಗತಿಗಳನ್ನು ನಮಗೆ ತಿಳಿಸಬೇಕಾಗುತ್ತದೆ. ಅದಕ್ಕಾಗಿ ಅವುಗಳನ್ನು ನಿರ್ಮಿಸಿದವರು ಮುಳ್ಳು, ಗಂಟೆ, ದೀಪ ಮುಂತಾದ ಸಂಕೇತಗಳನ್ನು ಅಳವಡಿಸಿರುತ್ತಾರೆ. ಮೋಟಾರು ಕಾರಿನ ಚಾಲಕನ ಎದುರಿಗಿರುವ ಫಲಕದಲ್ಲಿ ಇಂತಹ ಸಂಕೇತಗಳು ಹಲವು ಕಾಣುತ್ತವೆ. ಎರಡು ಪಕ್ಕಗಳಲ್ಲಿಯೂ ಬಾಗಿಲು ತೆರೆದಿರುವ ಕಾರಿನ ಚಿತ್ರವುಳ್ಳ ಪುಟ್ಟ ಕೆಂಪು ದೀಪವು ಅವುಗಳಲ್ಲೊಂದು. ಯಾವುದಾದರೊಂದು ಬಾಗಿಲು ತೆರೆದಿದ್ದರೆ ಈ ದೀಪವು ಹೊತ್ತಿಕೊಳ್ಳಬೇಕು. ಬಾಗಿಲುಗಳೆಲ್ಲ ಮುಚ್ಚಿದೊಡನೆ ಆರಬೇಕು.

ಹಳೆಯ ಕಾರುಗಳಲ್ಲಿ ಈ ನಿಯಮವು ತಪ್ಪುವುದುಂಟು. ಬಾಗಿಲುಗಳನ್ನೆಲ್ಲ ಬಲವಾಗಿ ಹಾಕಿದರೂ ದೀಪ ಆರುವುದಿಲ್ಲ. ಮೊದಮೊದಲು ಚಾಲಕನು ಕೆಳಗಿಳಿದು ಒಂದೊಂದು ಬಾಗಿಲನ್ನೂ ತೆರೆದು ಮುಚ್ಚಿ ನೋಡುತ್ತಾನೆ. ಕೆಲವು ದಿನಗಳಾದ ಮೇಲೆ ಅವನಿಗೆ ಬೇಸರ ಬರುತ್ತದೆ; ದೀಪದ ಕಡೆ ನೋಡುವುದನ್ನೇ ಬಿಟ್ಟುಬಿಡುತ್ತಾನೆ. ಮತ್ತೆ ಕೆಲವರು ಬಲ್ಬನ್ನೇ ಕಿತ್ತುಹಾಕಿ, ದುರಸ್ತಿಯಾಯಿತೆಂದು ತೃಪ್ತರಾಗುತ್ತಾರೆ. ಈ ಎರಡರ ಫಲವೂ ಒಂದೇ. ಮುಂದೊಂದು ದಿನ ಹಿಂದಿನ ಬಾಗಿಲು ನಿಜವಾಗಿಯೂ ಅರ್ಧ ಮುಚ್ಚಿದ್ದು, ಅದಕ್ಕೆ ಒರಗಿಕೊಂಡು ಮಗುವೊಂದು ಕುಳಿತಿದ್ದರೆ, ಆ ಸಂಗತಿಯನ್ನು ತಿಳಿಸಲು ಕಾರಿನಲ್ಲಿ ಯಾವ ಸಂಕೇತವೂ ಉಳಿದಿರುವುದಿಲ್ಲ.

ಇವೆರಡನ್ನೂ ಬಿಟ್ಟು ಮೂರನೆಯ ಮಾರ್ಗವೊಂದಿದೆ. ಅದು ವಿಜ್ಞಾನದ ಮಾರ್ಗ. ದೀಪಕ್ಕೆ ಬಾಗಿಲು ಕಾಣುವುದಿಲ್ಲವೆಂಬುದನ್ನು ನಾವು ಮೊದಲು ಮನಗಾಣಬೇಕು. ತನ್ನ ತಂತುವಿನಲ್ಲಿ ವಿದ್ಯುತ್ತು ಹರಿಯುವುದೋ ಇಲ್ಲವೋ, ಅಷ್ಟನ್ನೇ ಅದು ತೋರಿಸಬಲ್ಲದು. ಬಾಗಿಲಿಗೂ ದೀಪಕ್ಕೂ ನಡುವೆ ಚಿಲುಕ, ಗುಂಡಿ, ಸ್ವಿಚ್ಚು, ತಂತಿ ಇವುಗಳ ಒಂದು ಸರಪಣಿಯಿದೆ. ಬಾಗಿಲಿನ ಸುದ್ದಿಯು ಈ ಸರಪಣಿಯ ಕೊಂಡಿಯಿಂದ ಕೊಂಡಿಗೆ ದಾಟಿ ದೀಪವನ್ನು ಮುಟ್ಟುತ್ತದೆ. ಸುದ್ದಿ ಸುಳ್ಳಾಗಿದ್ದರೆ ಯಾವುದೋ ಒಂದು ಕೊಂಡಿಯಲ್ಲಿ ಅದು ಕೆಟ್ಟಿರಬೇಕು. ಆ ಕೊಂಡಿಯನ್ನು ಊಹೆಯಿಂದಲ್ಲದೆ ಪರೀಕ್ಷೆಯಿಂದ ಹುಡುಕುವುದು ಹೇಗೆಂಬುದೇ ಈ ಪಾಠದ ವಿಷಯ.

ಮಂಡಲದ ರಚನೆ

ಕಾರಿನ ಬ್ಯಾಟರಿಯು ಸಾಮಾನ್ಯವಾಗಿ 12 ವೋಲ್ಟಿನದು. ಅದರ ಧನಾಗ್ರದಿಂದ ಹೊರಟ ತಂತಿಯು ಫ್ಯೂಸನ್ನು ಹಾದು ದೀಪದ ಒಂದು ತುದಿಯನ್ನು ಸೇರುತ್ತದೆ. ದೀಪದ ಇನ್ನೊಂದು ತುದಿಯಿಂದ ಹೊರಟ ತಂತಿಯು ಬಾಗಿಲಿನ ಚೌಕಟ್ಟಿನಲ್ಲಿರುವ ಸ್ವಿಚ್ಚಿಗೆ ಹೋಗುತ್ತದೆ. ಅಲ್ಲಿಂದ ಬ್ಯಾಟರಿಯ ಋಣಾಗ್ರಕ್ಕೆ ಹಿಂದಿರುಗಲು ಬೇರೆ ತಂತಿಯಿಲ್ಲ. ಕಾರಿನ ಉಕ್ಕಿನ ಒಡಲೇ ಆ ಕೆಲಸವನ್ನು ಮಾಡುತ್ತದೆ. ಋಣಾಗ್ರವನ್ನು ಒಡಲಿಗೆ ಜೋಡಿಸಿರುವುದರಿಂದ, ಸ್ವಿಚ್ಚು ತಂತಿಯನ್ನು ಒಡಲಿಗೆ ಮುಟ್ಟಿಸಿದ ಕೂಡಲೆ ಮಂಡಲವು ಪೂರ್ಣವಾಗಿ ದೀಪ ಹೊತ್ತುತ್ತದೆ.

ಸ್ವಿಚ್ಚು ಬಹು ಸರಳವಾದುದು. ಬಾಗಿಲನ್ನು ತೆರೆದು ಚೌಕಟ್ಟನ್ನು ನೋಡಿದರೆ, ರಬ್ಬರಿನ ಟೊಪ್ಪಿಗೆ ಹಾಕಿಕೊಂಡ ಪುಟ್ಟ ಗುಂಡಿಯೊಂದು ಹೊರಚಾಚಿರುವುದು ಕಾಣುತ್ತದೆ. ಅದರ ಹಿಂದೆ ಒಂದು ಸ್ಪ್ರಿಂಗಿದೆ. ಬಾಗಿಲು ತೆರೆದಾಗ ಸ್ಪ್ರಿಂಗು ಗುಂಡಿಯನ್ನು ಹೊರಕ್ಕೆ ತಳ್ಳುತ್ತದೆ, ಒಳಗಿನ ಎರಡು ಲೋಹದ ತುದಿಗಳು ಪರಸ್ಪರ ಮುಟ್ಟುತ್ತವೆ, ದೀಪ ಹೊತ್ತುತ್ತದೆ. ಬಾಗಿಲು ಮುಚ್ಚಿದಾಗ ಅದರ ಅಂಚು ಗುಂಡಿಯನ್ನು ಒಳಕ್ಕೆ ಒತ್ತುತ್ತದೆ, ಲೋಹದ ತುದಿಗಳು ಬೇರೆಯಾಗುತ್ತವೆ, ದೀಪ ಆರುತ್ತದೆ. ಮನೆಯ ಕರೆಗಂಟೆಯಲ್ಲಿ ಗುಂಡಿ ಒತ್ತಿದರೆ ಮಂಡಲ ಕೂಡುತ್ತದೆ. ಇಲ್ಲಿ ಒತ್ತಿದರೆ ಕಡಿಯುತ್ತದೆ. ರೆಫ್ರಿಜರೇಟರಿನ ಬಾಗಿಲು ತೆರೆದಾಗ ಒಳಗಿನ ದೀಪ ಹೊತ್ತುವುದೂ ಇದೇ ಬಗೆಯ ಗುಂಡಿಯಿಂದಲೇ.

ಇಷ್ಟನ್ನು ತಿಳಿದರೆ ಒಂದು ಸಾಮಾನ್ಯ ತಪ್ಪು ಕಲ್ಪನೆ ದೂರವಾಗುತ್ತದೆ. "ಗುಂಡಿ ತುಕ್ಕು ಹಿಡಿದು ಒಳಗೇ ಸಿಕ್ಕಿಕೊಂಡಿದೆ, ಆದುದರಿಂದ ದೀಪ ಆರುತ್ತಿಲ್ಲ" ಎಂದು ಹೇಳುವವರಿದ್ದಾರೆ. ಗುಂಡಿಯು ಒಳಗೆ ಸಿಕ್ಕಿಕೊಂಡರೆ ಮಂಡಲವು ಕಡಿದೇ ಇರುತ್ತದೆ. ಬಾಗಿಲು ತೆರೆದರೂ ದೀಪ ಹೊತ್ತುವುದಿಲ್ಲ. ನಮ್ಮ ಸಮಸ್ಯೆ ಇದಕ್ಕೆ ವಿರುದ್ಧವಾದುದು. ದೀಪವು ಆರುತ್ತಿಲ್ಲವೆಂದರೆ ತಂತಿಗೂ ಒಡಲಿಗೂ ಎಲ್ಲಿಯೋ ಸಂಪರ್ಕ ಉಳಿದಿದೆ ಎಂದೇ ಅರ್ಥ.

ನಾಲ್ಕು ಬಾಗಿಲು, ಒಂದು ದೀಪ

ನಾಲ್ಕು ಬಾಗಿಲುಗಳಿಗೆ ನಾಲ್ಕು ಸ್ವಿಚ್ಚುಗಳು. ದೀಪ ಮಾತ್ರ ಒಂದೇ. ಈ ಸ್ವಿಚ್ಚುಗಳನ್ನು ಸಮಾಂತರವಾಗಿ ಜೋಡಿಸಿರುತ್ತಾರೆ. ಮೊದಲನೆಯ ಬಾಗಿಲು ಅಥವಾ ಎರಡನೆಯದು ಅಥವಾ ಮೂರನೆಯದು ಅಥವಾ ನಾಲ್ಕನೆಯದು ತೆರೆದಿದ್ದರೆ ದೀಪ ಹೊತ್ತುತ್ತದೆ. ಸ್ವಿಚ್ಚುಗಳನ್ನು ಒಂದರ ಹಿಂದೆ ಒಂದರಂತೆ ಸರಣಿಯಲ್ಲಿ ಜೋಡಿಸಿದ್ದರೆ ನಾಲ್ಕೂ ಬಾಗಿಲುಗಳು ತೆರೆದಾಗ ಮಾತ್ರ ದೀಪ ಹೊತ್ತುತ್ತಿತ್ತು. ಅದರಿಂದ ಯಾರಿಗೂ ಪ್ರಯೋಜನವಿರುತ್ತಿರಲಿಲ್ಲ.

"ಅಥವಾ", "ಮತ್ತು" ಎಂಬ ಮಾತುಗಳನ್ನು ಗಣಿತದ ಚಿಹ್ನೆಗಳಂತೆ ಬಳಸಬಹುದೆಂದು ಜಾರ್ಜ್ ಬೂಲ್ ಎಂಬ ಗಣಿತಜ್ಞನು 1854ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿವರಿಸಿದನು. ಅದೇ ಬೀಜಗಣಿತವು ಸ್ವಿಚ್ಚುಗಳ ಮಂಡಲಗಳಿಗೂ ಅನ್ವಯಿಸುತ್ತದೆಂದು ಕ್ಲಾಡ್ ಷ್ಯಾನನ್ ಎಂಬ ತರುಣ ವಿದ್ಯಾರ್ಥಿಯು ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ 1937ರಲ್ಲಿ ಬರೆದ ಪ್ರಬಂಧದಲ್ಲಿ ತೋರಿಸಿದನು. ಗಣಕಯಂತ್ರಗಳ ಒಳಗೆ ನಡೆಯುವ ತರ್ಕಕ್ಕೆ ಈ ವಿಚಾರವೇ ತಳಹದಿ. ಬಾಗಿಲಿನ ದೀಪವು ಅದರ ಅತ್ಯಂತ ಸರಳವಾದ ಉದಾಹರಣೆಯೆನ್ನಬಹುದು.

ಈ ಜೋಡಣೆಯಿಂದ ಎರಡು ಮುಖ್ಯ ಪರಿಣಾಮಗಳು ಹೊರಡುತ್ತವೆ. ಮೊದಲನೆಯದಾಗಿ, ದೀಪ ಹೊತ್ತಿದ್ದರೆ ಕನಿಷ್ಠಪಕ್ಷ ಒಂದು ದಾರಿ ಕೂಡಿದೆಯೆಂದು ಮಾತ್ರ ತಿಳಿಯುತ್ತದೆ, ಯಾವುದೆಂದು ತಿಳಿಯುವುದಿಲ್ಲ. ಎರಡನೆಯದಾಗಿ, ಎರಡು ಕಡೆ ದೋಷವಿದ್ದರೆ ಒಂದನ್ನು ಸರಿಪಡಿಸಿದರೂ ದೀಪ ಆರುವುದಿಲ್ಲ. ಅನುಭವವಿಲ್ಲದವರು ಇಲ್ಲಿಯೇ ಮೋಸಹೋಗುವುದು. ಸರಿಪಡಿಸಿದ್ದನ್ನು ಸರಿಯಾಗಿಲ್ಲವೆಂದು ತಿಳಿದು ಅವರು ಬೇರೆ ದಿಕ್ಕಿಗೆ ತಿರುಗುತ್ತಾರೆ.

ದೋಷದ ಸಂಭವಗಳು

ದೀಪವು ಆರದೆ ಇರಲು ಸಾಮಾನ್ಯವಾಗಿ ನಾಲ್ಕು ಕಾರಣಗಳಿರಬಹುದು.

1. ಬಾಗಿಲು ನಿಜವಾಗಿಯೂ ಪೂರ್ತಿ ಮುಚ್ಚಿಲ್ಲದಿರಬಹುದು. ಕಾರಿನ ಚಿಲುಕವು ಎರಡು ಹಂತಗಳಲ್ಲಿ ಹಿಡಿಯುತ್ತದೆ. ಮೊದಲ ಹಂತದಲ್ಲಿ ಬಾಗಿಲು ತೆರೆದುಕೊಳ್ಳುವುದಿಲ್ಲ, ಆದರೆ ಬಿಗಿಯಾಗಿಯೂ ಇರುವುದಿಲ್ಲ. ಎರಡನೆಯ ಹಂತದಲ್ಲಿ ಮಾತ್ರ ಪೂರ್ತಿ ಭದ್ರವಾಗುತ್ತದೆ. ಮೊದಲ ಹಂತದಲ್ಲಿಯೇ ನಿಂತ ಬಾಗಿಲು ದೂರದಿಂದ ನೋಡುವವರಿಗೆ ಮುಚ್ಚಿದಂತೆಯೇ ಕಾಣುತ್ತದೆ.

2. ಬಾಗಿಲು ಮುಚ್ಚಿದ್ದರೂ ಗುಂಡಿಯು ಸಾಕಷ್ಟು ಒಳಕ್ಕೆ ಹೋಗದಿರಬಹುದು. ವರ್ಷಾನುಗಟ್ಟಲೆ ಬಳಸಿದ ಮೇಲೆ ಕೀಲುಗಳು ಸವೆದು ಬಾಗಿಲು ಕೆಳಕ್ಕೆ ಜಗ್ಗುತ್ತದೆ. ಗುಂಡಿಯ ತುದಿ ಸವೆಯುತ್ತದೆ. ಗುಂಡಿಗೆ ತಗಲುವ ರಬ್ಬರಿನ ತುಂಡು ಹರಿದುಬೀಳುತ್ತದೆ. ಒಂದೆರಡು ಮಿಲಿಮೀಟರಿನ ಕೊರತೆಯೂ ದೀಪವನ್ನು ಹೊತ್ತಿಸಿಡಲು ಸಾಕು.

3. ಸ್ವಿಚ್ಚಿನ ಒಳಭಾಗ ಕೆಟ್ಟಿರಬಹುದು. ಲೋಹದ ತುದಿಗಳು ಬಾಗಿ ಅಥವಾ ಅಂಟಿಕೊಂಡು ಬೇರೆಯಾಗದೆ ಹೋಗಬಹುದು. ಕೆಲವು ಕಾರುಗಳಲ್ಲಿ ಸ್ವಿಚ್ಚು ಚೌಕಟ್ಟಿನಲ್ಲಿರದೆ ಬಾಗಿಲಿನೊಳಗಿನ ಚಿಲುಕದಲ್ಲಿಯೇ ಅಡಗಿರುತ್ತದೆ. ಅಲ್ಲಿ ಹಳೆಯ ಗ್ರೀಸು ಧೂಳಿನೊಡನೆ ಸೇರಿ ಗಟ್ಟಿಯಾದರೆ ಸ್ವಿಚ್ಚಿನ ಸನ್ನೆ ಚಲಿಸದೆ ನಿಲ್ಲುತ್ತದೆ. ಬಯಲುಸೀಮೆಯ ಧೂಳು, ಕರಾವಳಿಯ ಉಪ್ಪುಗಾಳಿ ಎರಡೂ ಈ ಭಾಗಗಳಿಗೆ ಶತ್ರುಗಳು.

4. ದೀಪದಿಂದ ಸ್ವಿಚ್ಚಿಗೆ ಹೋಗುವ ತಂತಿಯ ಹೊದಿಕೆ ಉಜ್ಜಿಹೋಗಿ ಒಳಗಿನ ತಾಮ್ರವು ಒಡಲಿಗೆ ತಗಲಿರಬಹುದು. ಸ್ವಿಚ್ಚು ಬಾಗಿಲಿನೊಳಗಿರುವ ಕಾರುಗಳಲ್ಲಿ ತಂತಿಯು ಕೀಲಿನ ಬಳಿ ರಬ್ಬರಿನ ಕೊಳವೆಯೊಂದರ ಮೂಲಕ ಹಾಯುತ್ತದೆ. ಬಾಗಿಲು ತೆರೆದು ಮುಚ್ಚಿದಾಗಲೆಲ್ಲ ಅದು ಮಡಿಸಿ ಬಿಡಿಸಿಕೊಳ್ಳುತ್ತದೆ. ಅಲ್ಲಿ ಹೊದಿಕೆ ಬಿರಿಯುವುದು ಸಹಜ.

ನಾಲ್ಕನೆಯ ಕಾರಣವನ್ನು ಕುರಿತು ಜಾಣ ವಿದ್ಯಾರ್ಥಿಯು ಒಂದು ಪ್ರಶ್ನೆ ಕೇಳಬಹುದು: ತಂತಿಯು ಒಡಲಿಗೆ ತಗಲಿದರೆ ಫ್ಯೂಸು ಏಕೆ ಕರಗುವುದಿಲ್ಲ? ಉತ್ತರವು ಓಮನ ನಿಯಮದಲ್ಲಿದೆ. ಫಲಕದ ದೀಪಗಳಲ್ಲಿ ಸಾಮಾನ್ಯವಾಗಿ ಬಳಸುವ 1.2 ವಾಟಿನ ಬಲ್ಬನ್ನು ತೆಗೆದುಕೊಳ್ಳೋಣ. 12 ವೋಲ್ಟಿನಲ್ಲಿ ಅದು 0.1 ಆಂಪೇರ್ ಪ್ರವಾಹವನ್ನು ಎಳೆಯುತ್ತದೆ. ಎಂದರೆ ಉರಿಯುವಾಗ ಅದರ ರೋಧವು 120 ಓಮ್. ತಂತಿ ತಗಲಿರುವ ಜಾಗವು ಬಲ್ಬಿನ ಆಚೆಗಿದೆ. ಪ್ರವಾಹವು ಬಲ್ಬನ್ನು ಹಾದೇ ಅಲ್ಲಿಗೆ ಬರಬೇಕಾದುದರಿಂದ ಅದು 0.1 ಆಂಪೇರನ್ನು ಮೀರಲಾರದು. ಬಲ್ಬಿಗಿಂತ ಮೊದಲೇ, ಎಂದರೆ ಫ್ಯೂಸಿಗೂ ಬಲ್ಬಿಗೂ ನಡುವೆ ತಂತಿ ಒಡಲಿಗೆ ತಗಲಿದರೆ ಮಾತ್ರ ಫ್ಯೂಸು ಕರಗುತ್ತದೆ. ಒಂದೇ ಬಗೆಯ ಗಾಯವು ಬಲ್ಬಿನ ಈಚೆಗಾದರೆ ಹ್ರಸ್ವಮಂಡಲವಾಗುತ್ತದೆ. ಆಚೆಗಾದರೆ ಸ್ವಿಚ್ಚಿನಂತೆ ವರ್ತಿಸುತ್ತದೆ.

ಸ್ವಿಚ್ಚಿನೊಳಗೆ ಮಳೆನೀರು ಸೇರಿದರೆ ದೀಪ ಹೊತ್ತುವುದೇ? ಇದಕ್ಕೂ ಲೆಕ್ಕವೇ ಉತ್ತರ ಹೇಳುತ್ತದೆ. ಕೊಳೆನೀರಿನ ಪೊರೆಯ ರೋಧವನ್ನು 1000 ಓಮ್ ಎಂದಿಟ್ಟುಕೊಂಡರೆ ಪ್ರವಾಹವು 0.012 ಆಂಪೇರಿಗೂ ಕಡಿಮೆ. ತಂತುವಿನ ಬಲ್ಬು ಇಷ್ಟರಲ್ಲಿ ಬೆಳಗಲಾರದು. ಆದರೆ ಎಲ್.ಇ.ಡಿ. ದೀಪಕ್ಕೆ ಕೆಲವೇ ಸಾವಿರಾಂಶ ಆಂಪೇರ್ ಸಾಕು. ಹಳೆಯ ಬಲ್ಬನ್ನು ತೆಗೆದು ಅದರ ಜಾಗದಲ್ಲಿ ಎಲ್.ಇ.ಡಿ.ಯನ್ನು ಹಾಕಿಸಿದ ಕಾರುಗಳಲ್ಲಿ, ಮಳೆಗಾಲದಲ್ಲಿ ಬಾಗಿಲಿನ ದೀಪ ಮಂಕಾಗಿ ಮಿನುಗುವುದುಂಟು. ಅದಕ್ಕೆ ಕಾರಣ ಇದೇ ಆಗಿರಬಹುದು.

ಪರೀಕ್ಷೆಯ ಕ್ರಮ

ಮೊದಲು ಕೆಲವು ಎಚ್ಚರಿಕೆಗಳು. ಕಾರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ ಕೈಬ್ರೇಕು ಹಾಕಬೇಕು. ಎಂಜಿನು ನಡೆಯುತ್ತಿರಬಾರದು, ದೀಪಕ್ಕೆ ಅಗತ್ಯವಿದ್ದರೆ ಕೀಲಿಕೈಯನ್ನು ಎಂಜಿನು ಹೊರಡುವುದಕ್ಕೆ ಹಿಂದಿನ ಸ್ಥಾನಕ್ಕಷ್ಟೇ ತಿರುಗಿಸಬೇಕು. ಅಪಘಾತದಲ್ಲಿ ಉಬ್ಬುವ ಗಾಳಿಚೀಲಗಳುಳ್ಳ ಕಾರುಗಳಲ್ಲಿ ಅವುಗಳ ತಂತಿ ಮತ್ತು ಜೋಡಣೆಗಳು ಸಾಮಾನ್ಯವಾಗಿ ಹಳದಿ ಬಣ್ಣದವು, ಅವುಗಳನ್ನು ಮುಟ್ಟಲೇಬಾರದು. ಯಾವ ಕಾರಣಕ್ಕೂ ಫ್ಯೂಸಿನ ಬದಲು ಹೆಚ್ಚಿನ ಆಂಪೇರಿನದನ್ನಾಗಲಿ ತಂತಿಯ ತುಂಡನ್ನಾಗಲಿ ಹಾಕಬಾರದು.

ಮೊದಲನೆಯ ಹೆಜ್ಜೆ: ದೀಪವು ನಿಜವನ್ನೇ ಹೇಳುತ್ತಿರಬಹುದೆಂದು ಭಾವಿಸಿ ಹೊರಡಬೇಕು. ಪ್ರತಿಯೊಂದು ಬಾಗಿಲನ್ನೂ ಪೂರ್ತಿ ತೆರೆದು, ಚಿಲುಕವು ಎರಡನೆಯ ಹಂತಕ್ಕೆ ಬೀಳುವಂತೆ ಮುಚ್ಚಬೇಕು. ಬಾಗಿಲಿಗೂ ಒಡಲಿಗೂ ನಡುವಣ ಸಂದು ಉದ್ದಕ್ಕೂ ಸಮನಾಗಿದೆಯೇ ಎಂದು ನೋಡಬೇಕು. ಹಿಂದಿನ ಸಾಮಾನು ಪೆಟ್ಟಿಗೆಯ ಮುಚ್ಚಳಕ್ಕೂ ಅದೇ ದೀಪದ ಸಂಬಂಧವಿರಬಹುದು, ಅದನ್ನು ಮರೆಯಬಾರದು.

ಎರಡನೆಯ ಹೆಜ್ಜೆ: ಪುಕ್ಕಟೆಯಾಗಿ ದೊರೆಯುವ ಸಾಕ್ಷ್ಯವನ್ನು ಗಮನಿಸಬೇಕು. ಅನೇಕ ಕಾರುಗಳಲ್ಲಿ ಚಾವಣಿಯ ದೀಪಕ್ಕೂ ಎಚ್ಚರಿಕೆಯ ದೀಪಕ್ಕೂ ಸ್ವಿಚ್ಚುಗಳು ಒಂದೇ. ಚಾವಣಿಯ ದೀಪದ ಗುಂಡಿಯನ್ನು ಬಾಗಿಲಿನ ಚಿಹ್ನೆಯಿರುವ ನಡುಸ್ಥಾನಕ್ಕೆ ಸರಿಸಿ ನೋಡಿರಿ. ಎರಡು ದೀಪಗಳೂ ಒಟ್ಟಿಗೆ ಹೊತ್ತಿಯೇ ಇದ್ದರೆ ದೋಷವು ಎರಡಕ್ಕೂ ಸಮಾನವಾದ ಭಾಗದಲ್ಲಿದೆ. ಬಾಗಿಲು ತೆರೆದಾಗ ಎರಡೂ ಹೊತ್ತಿ, ಮುಚ್ಚಿದಾಗ ಚಾವಣಿಯ ದೀಪ ಮಾತ್ರ ಆರಿದರೆ, ಸ್ವಿಚ್ಚುಗಳು ನಿರಪರಾಧಿಗಳು. ಎಚ್ಚರಿಕೆಯ ದೀಪದ ಸ್ವಂತ ಕವಲಿನಲ್ಲಿ ದೋಷವನ್ನು ಹುಡುಕಬೇಕು.

ಮೂರನೆಯ ಹೆಜ್ಜೆ: ಮೂರು ಬಾಗಿಲುಗಳನ್ನು ಮುಚ್ಚಿ, ನಾಲ್ಕನೆಯದನ್ನು ತೆರೆದು, ಅದರ ಗುಂಡಿಯನ್ನು ಬೆರಳಿನಿಂದ ಪೂರ್ತಿ ಒತ್ತಬೇಕು. ಹೀಗೆಯೇ ನಾಲ್ಕು ಬಾಗಿಲುಗಳಲ್ಲಿಯೂ ಮಾಡಬೇಕು. ಯಾವ ಬಾಗಿಲಿನಲ್ಲಿ ಬೆರಳು ದೀಪವನ್ನು ಆರಿಸುವುದೋ, ಆದರೆ ಬಾಗಿಲು ಆರಿಸಲಾರದೋ, ಅಲ್ಲಿ ವಿದ್ಯುತ್ತಿನ ದೋಷವಿಲ್ಲ. ಮೇಲೆ ಹೇಳಿದ ಎರಡನೆಯ ಕಾರಣವೇ ಸರಿ. ಗುಂಡಿಯ ತುದಿಗೆ ಹೊಸ ಟೊಪ್ಪಿಗೆ ಹಾಕಿದರೆ, ಅಥವಾ ಬಾಗಿಲಿನ ಕೀಲನ್ನು ಸರಿಪಡಿಸಿದರೆ ಕೆಲಸ ಮುಗಿಯಿತು. ಬಾಗಿಲು ಜಗ್ಗಿರುವುದು ಕಣ್ಣಿಗೆ ಕಾಣುವಂತಿದ್ದರೆ ಟೊಪ್ಪಿಗೆಯ ಉಪಾಯದಿಂದ ತೃಪ್ತರಾಗಬಾರದು, ಕೀಲನ್ನೇ ಸರಿಪಡಿಸಬೇಕು.

ನಾಲ್ಕನೆಯ ಹೆಜ್ಜೆ: ಬೆರಳಿನಿಂದ ಯಾವ ಬಾಗಿಲಿನಲ್ಲಿಯೂ ದೀಪ ಆರದಿದ್ದರೆ ಸ್ವಿಚ್ಚುಗಳನ್ನು ಒಂದೊಂದಾಗಿ ಬೇರ್ಪಡಿಸಬೇಕು. ಸಾಮಾನ್ಯವಾಗಿ ಒಂದೇ ತಿರುಪಿನಿಂದ ಸ್ವಿಚ್ಚು ಚೌಕಟ್ಟಿನಲ್ಲಿ ನಿಂತಿರುತ್ತದೆ. ಅದನ್ನು ಬಿಚ್ಚಿ ಮೆಲ್ಲಗೆ ಹೊರಗೆಳೆದು ತಂತಿಯನ್ನು ಕಳಚಬೇಕು. ತಂತಿಯು ಕಂಬದೊಳಗೆ ಜಾರಿಹೋಗದಂತೆ ದಾರದಿಂದ ಕಟ್ಟಿರಬೇಕು. ಅದರ ತುದಿ ಒಡಲಿಗೆ ತಗಲದಂತೆ ಅಂಟುಪಟ್ಟಿ ಸುತ್ತಬೇಕು. ದೀಪ ಆರಿದರೆ ಆ ಸ್ವಿಚ್ಚೇ ಅಪರಾಧಿ. ಆರದಿದ್ದರೆ ಅದನ್ನು ಮತ್ತೆ ಜೋಡಿಸದೆ ಮುಂದಿನ ಸ್ವಿಚ್ಚಿಗೆ ಹೋಗಬೇಕು. ಮತ್ತೆ ಜೋಡಿಸದಿರುವುದೇ ಇಲ್ಲಿನ ಗುಟ್ಟು. ದೋಷಗಳು ಎರಡಿದ್ದರೂ ಮೂರಿದ್ದರೂ, ಕೊನೆಯದನ್ನು ಕಳಚಿದಾಗ ದೀಪ ಆರಲೇಬೇಕು. ಆಮೇಲೆ ಕಳಚಿದ ಸ್ವಿಚ್ಚುಗಳನ್ನು ಮಲ್ಟಿಮೀಟರಿನಿಂದ ಒಂದೊಂದಾಗಿ ಪರೀಕ್ಷಿಸಬಹುದು. ಗುಂಡಿ ಹೊರಗಿರುವಾಗ ರೋಧವು ಸೊನ್ನೆಯ ಹತ್ತಿರವಿರಬೇಕು, ಒತ್ತಿದಾಗ ಅನಂತವಾಗಬೇಕು. ರೋಧವನ್ನು ಅಳೆಯುವಾಗ ಸ್ವಿಚ್ಚು ಮಂಡಲದಿಂದ ಹೊರಗಿರಬೇಕೆಂಬುದನ್ನು ನೆನಪಿಡಬೇಕು.

ಸ್ವಿಚ್ಚು ಚಿಲುಕದಲ್ಲಿದ್ದರೆ ಕ್ರಮ ಬೇರೆ. ಬಾಗಿಲನ್ನು ತೆರೆದು, ಚಿಲುಕದ ಕೊಕ್ಕೆಯನ್ನು ತಿರುಪುಳಿಯಿಂದ ಮುಚ್ಚಿದ ಸ್ಥಾನಕ್ಕೆ ತಿರುಗಿಸಿ ದೀಪವನ್ನು ನೋಡಬೇಕು. ನೋಡಿದ ಮೇಲೆ ಬಾಗಿಲಿನ ಹಿಡಿಯನ್ನು ಎಳೆದು ಕೊಕ್ಕೆಯನ್ನು ಬಿಡಿಸದೆ ಬಾಗಿಲನ್ನು ಹಾಕಬಾರದು. ಹಾಕಿದರೆ ಕೊಕ್ಕೆಯು ಚೌಕಟ್ಟಿನ ಕೊಂಡಿಗೆ ಬಡಿದು ಮುರಿಯಬಹುದು. ಗ್ರೀಸು ಗಟ್ಟಿಯಾಗಿದ್ದರೆ, ಬ್ಯಾಟರಿಯ ಸಂಪರ್ಕ ತಪ್ಪಿಸಿ, ವಿದ್ಯುತ್ ಸಂಪರ್ಕಗಳನ್ನು ಶುಚಿಮಾಡುವ ದ್ರವವನ್ನು ಸಿಂಪಡಿಸಿ, ಕೊಕ್ಕೆಯನ್ನು ಹತ್ತಾರು ಬಾರಿ ಆಡಿಸಬೇಕು. ಅದು ಚೆನ್ನಾಗಿ ಒಣಗಿದ ಮೇಲೆ ಹೊಸ ಗ್ರೀಸನ್ನು ತೆಳುವಾಗಿ ಲೇಪಿಸಬೇಕು. ಅನೇಕ ವೇಳೆ ಇಷ್ಟರಿಂದಲೇ ಗುಣವಾಗುತ್ತದೆ.

ಐದನೆಯ ಹೆಜ್ಜೆ: ಸ್ವಿಚ್ಚುಗಳೆಲ್ಲವನ್ನೂ ಕಳಚಿದರೂ ದೀಪ ಹೊತ್ತಿಯೇ ಇದ್ದರೆ ತಂತಿಯೇ ಒಡಲಿಗೆ ತಗಲಿದೆ. ಒಬ್ಬರು ದೀಪವನ್ನು ನೋಡುತ್ತಿರುವಾಗ ಇನ್ನೊಬ್ಬರು ಕೀಲಿನ ಬಳಿಯ ರಬ್ಬರು ಕೊಳವೆಗಳನ್ನು ಅಲುಗಿಸಬೇಕು. ಯಾವುದನ್ನು ಅಲುಗಿಸಿದಾಗ ದೀಪ ಮಿನುಗುವುದೋ ಅಲ್ಲಿ ಗಾಯವಿದೆ. ಅದು ಫಲಿಸದಿದ್ದರೆ ಅರ್ಧಿಸುವ ಕ್ರಮವನ್ನು ಅನುಸರಿಸಬೇಕು. ತಂತಿಯ ದಾರಿಯ ಸುಮಾರು ನಡುವೆ ಇರುವ ಜೋಡಣೆಯೊಂದನ್ನು ಬಿಡಿಸಬೇಕು. ದೀಪ ಆರಿದರೆ ದೋಷವು ಆ ಜೋಡಣೆಯ ಆಚೆಗಿದೆ, ಆರದಿದ್ದರೆ ಈಚೆಗಿದೆ. ಉಳಿದ ಅರ್ಧವನ್ನು ಮತ್ತೆ ಅರ್ಧಿಸಬೇಕು. ತಂತಿಯಲ್ಲಿ 8 ಭಾಗಗಳಿದ್ದರೆ ಒಂದು ತುದಿಯಿಂದ ಹುಡುಕಿದವನಿಗೆ 7 ಪರೀಕ್ಷೆಗಳು ಬೇಕಾಗಬಹುದು. ಅರ್ಧಿಸುವವನಿಗೆ ಮೂರೇ ಸಾಕು. ಗಾಯ ಸಿಕ್ಕಿದ ಮೇಲೆ ತಂತಿಯನ್ನು ಸರಿಯಾಗಿ ಬೆಸೆದು, ನಿರೋಧಕ ಹೊದಿಕೆ ಹಾಕಿ, ಮತ್ತೆ ಉಜ್ಜದಂತೆ ಕಟ್ಟಬೇಕು.

ಈಚಿನ ಕಾರುಗಳಲ್ಲಿ ಸ್ವಿಚ್ಚಿನ ಸುದ್ದಿಯು ನೇರವಾಗಿ ದೀಪಕ್ಕೆ ಹೋಗದೆ ಎಲೆಕ್ಟ್ರಾನಿಕ್ ನಿಯಂತ್ರಕವೊಂದರ ಮೂಲಕ ಹೋಗುತ್ತದೆ. ಸರಪಣಿಗೆ ಒಂದು ಕೊಂಡಿ ಹೆಚ್ಚಾಯಿತು, ಅಷ್ಟೆ. ಮೊದಲ ನಾಲ್ಕು ಹೆಜ್ಜೆಗಳ ತರ್ಕ ಅಲ್ಲಿಯೂ ಸಲ್ಲುತ್ತದೆ. ದೋಷವು ನಿಯಂತ್ರಕದಲ್ಲಿದೆಯೆಂದು ಕಂಡುಬಂದರೆ ಮಾತ್ರ ನುರಿತ ಕುಶಲಕರ್ಮಿಯ ನೆರವು ಬೇಕು.

ಸುಳ್ಳು ಎಚ್ಚರಿಕೆ, ಸುಳ್ಳು ಅಭಯ

ಇಷ್ಟು ಶ್ರಮವೇಕೆ, ತಂತಿಯನ್ನು ಕತ್ತರಿಸಿದರೆ ದೀಪ ಆರುವುದಿಲ್ಲವೇ ಎಂದು ಕೇಳಬಹುದು. ಆರುತ್ತದೆ, ನಿಜ. ಚಾವಣಿಯ ದೀಪವೂ ಅದೇ ತಂತಿಗೆ ಸೇರಿದ್ದರೆ ಬ್ಯಾಟರಿಯೂ ಉಳಿಯುತ್ತದೆ. 5 ವಾಟಿನ ಚಾವಣಿ ದೀಪವು ಎಳೆಯುವ ಪ್ರವಾಹ ಸುಮಾರು 0.42 ಆಂಪೇರ್. 35 ಆಂಪೇರ್-ಗಂಟೆಯ ಬ್ಯಾಟರಿಯನ್ನು ಅದು ಸುಮಾರು 83 ಗಂಟೆಗಳಲ್ಲಿ, ಎಂದರೆ ಮೂರೂವರೆ ದಿನಗಳಲ್ಲಿ ಬರಿದುಮಾಡಬಲ್ಲದು. ಎಂಜಿನನ್ನು ಹೊರಡಿಸುವ ಶಕ್ತಿಯು ಅದಕ್ಕೂ ಮೊದಲೇ ಕುಂದುತ್ತದೆ. ಆದರೆ ತಂತಿ ಕತ್ತರಿಸಿದವನು ಒಂದು ಸುಳ್ಳನ್ನು ತೆಗೆದು ಅದಕ್ಕಿಂತ ಕೆಟ್ಟ ಸುಳ್ಳನ್ನು ಅದರ ಸ್ಥಳದಲ್ಲಿ ಇಟ್ಟಂತಾಯಿತು.

ಈ ಮಂಡಲದಲ್ಲಿ ದೀಪ ಹೊತ್ತಿದರೆ ಅಪಾಯ, ಆರಿದರೆ ಕ್ಷೇಮ. ತಂತಿ ಕಡಿದರೂ, ಬಲ್ಬು ಸುಟ್ಟರೂ, ಫ್ಯೂಸು ಕರಗಿದರೂ ದೀಪವು ಆರಿಯೇ ಇರುತ್ತದೆ. ಎಲ್ಲವೂ ಕ್ಷೇಮವೆಂದೇ ಚಾಲಕನು ತಿಳಿಯುತ್ತಾನೆ. ಆರದ ದೀಪವು ಸುಳ್ಳು ಎಚ್ಚರಿಕೆ ಕೊಡುತ್ತದೆ. ಅದರಿಂದ ಆಗುವುದು ಕಿರುಕುಳ. ಹೊತ್ತದ ದೀಪವು ಸುಳ್ಳು ಅಭಯ ಕೊಡುತ್ತದೆ. ಅದರಿಂದ ಆಗುವುದು ಅಪಾಯ. ರೈಲ್ವೆಯವರು ಈ ಭೇದವನ್ನು ಬಹು ಹಿಂದೆಯೇ ಅರಿತಿದ್ದರು. ಅಮೆರಿಕದ ವಿಲಿಯಂ ರಾಬಿನ್‌ಸನ್ 1872ರಲ್ಲಿ ಸನ್ನದು ಪಡೆದ ಹಳಿಮಂಡಲದಲ್ಲಿ ದಾರಿ ಖಾಲಿಯಿರುವಾಗ ಹಳಿಗಳಲ್ಲಿ ಪ್ರವಾಹ ಹರಿಯುತ್ತಲೇ ಇರುತ್ತದೆ. ರೈಲು ಬಂದರೂ, ತಂತಿ ಕಡಿದರೂ, ಬ್ಯಾಟರಿ ಸತ್ತರೂ ಸಂಕೇತವು ಅಪಾಯವನ್ನೇ ತೋರಿಸುತ್ತದೆ. ಕೆಟ್ಟುಹೋದಾಗಲೂ ಕ್ಷೇಮದ ಕಡೆಗೇ ಬಾಗುವುದು ಆ ರಚನೆಯ ಗುಣ. ಬಾಗಿಲಿನ ಸರಳ ಮಂಡಲಕ್ಕೆ ಈ ಗುಣವಿಲ್ಲ. ಆದುದರಿಂದ ಅದನ್ನು ಕೈಯಾರೆ ಕುರುಡು ಮಾಡಬಾರದು.

ಸುಳ್ಳು ಅಭಯದ ಬೆಲೆಯೇನೆಂಬುದಕ್ಕೆ ವಿಮಾನಯಾನದ ಚರಿತ್ರೆಯಲ್ಲಿ ಘೋರವಾದ ಸಾಕ್ಷಿಯಿದೆ. 1974ರ ಮಾರ್ಚ್ 3ರಂದು ಪ್ಯಾರಿಸ್ಸಿನಿಂದ ಲಂಡನ್ನಿಗೆ ಹೊರಟ ಟರ್ಕಿಷ್ ಏರ್‌ಲೈನ್ಸಿನ ಡಿ.ಸಿ. 10 ವಿಮಾನದ ಹಿಂಭಾಗದ ಸಾಮಾನು ಬಾಗಿಲು ಆಕಾಶದಲ್ಲಿ ಕಿತ್ತುಹೋಯಿತು. ಒತ್ತಡದ ವ್ಯತ್ಯಾಸದಿಂದ ಪ್ರಯಾಣಿಕರ ಕೋಣೆಯ ನೆಲ ಕುಸಿದು, ಅದರಡಿ ಹಾಯುತ್ತಿದ್ದ ನಿಯಂತ್ರಣದ ಹಗ್ಗಗಳು ಹಾಳಾದವು. ವಿಮಾನವು ಎರ್ಮೆನೊನ್‌ವಿಲ್ ಅರಣ್ಯಕ್ಕೆ ಬಿದ್ದು ಅದರಲ್ಲಿದ್ದ 346 ಮಂದಿಯೂ ಮಡಿದರು. ಬಾಗಿಲಿನ ಬೀಗದ ಕಡ್ಡಿಗಳು ತಮ್ಮ ಸ್ಥಾನವನ್ನು ಸೇರಿರಲಿಲ್ಲ. ಆದರೂ ಚಾಲಕರ ಕೋಣೆಯಲ್ಲಿನ ಎಚ್ಚರಿಕೆಯ ದೀಪ ಆರಿತ್ತು. ದೀಪದ ಸ್ವಿಚ್ಚಿನ ಹೊಂದಾಣಿಕೆ ತಪ್ಪಿದ್ದುದೇ ಅದಕ್ಕೆ ಕಾರಣವೆಂದು ತನಿಖೆಯಿಂದ ತಿಳಿದುಬಂತು. ಈ ದುರಂತಕ್ಕೆ ಬಾಗಿಲಿನ ರಚನೆಯ ದೋಷವೇ ಮೂಲ. ಆದರೆ ಆ ದೀಪ ಹೊತ್ತಿದ್ದರೆ ವಿಮಾನವು ನೆಲ ಬಿಡುವ ಮೊದಲೇ ಸಂಗತಿ ತಿಳಿಯುತ್ತಿತ್ತು. ಕಾರಿನ ಬಾಗಿಲಿಗೂ ವಿಮಾನದ ಬಾಗಿಲಿಗೂ ಅಂತರ ಬಹಳ. ಆದರೆ ದೀಪವು ಸ್ವಿಚ್ಚನ್ನು ಮಾತ್ರ ಬಲ್ಲದೆಂಬ ತತ್ತ್ವ ಎರಡಕ್ಕೂ ಒಂದೇ.

ಆದುದರಿಂದ ದುರಸ್ತಿಯಾದ ಮೇಲೆ ದೀಪ ಆರಿತೆಂದು ಕೆಲಸವನ್ನು ನಿಲ್ಲಿಸಬಾರದು. ಎಲ್ಲ ಬಾಗಿಲುಗಳನ್ನೂ ಮುಚ್ಚಿ, ಆಮೇಲೆ ಒಂದೊಂದನ್ನೇ ತೆರೆಯಬೇಕು. ಪ್ರತಿಯೊಂದು ಬಾಗಿಲಿಗೂ ದೀಪ ಹೊತ್ತಬೇಕು, ಪ್ರತಿಯೊಂದಕ್ಕೂ ಆರಬೇಕು. ಬಾಗಿಲನ್ನು ಮೊದಲ ಹಂತದಲ್ಲಿ ನಿಲ್ಲಿಸಿಯೂ ನೋಡಬೇಕು. ಆ ಹಂತದಲ್ಲಿ ದೀಪ ಆರಿಬಿಡುವುದಾದರೆ ಗುಂಡಿಯ ಟೊಪ್ಪಿಗೆ ಬೇಕಾದುದಕ್ಕಿಂತ ದಪ್ಪವಾಯಿತೆಂದು ಅರ್ಥ, ಅದನ್ನು ಬದಲಿಸಬೇಕು. ಈ ಎಂಟು ಹತ್ತು ನೋಟಗಳಿಗೆ ಎರಡು ನಿಮಿಷ ಸಾಕು. ಇಷ್ಟಾದ ಮೇಲೆಯೇ ದೀಪದ ಮಾತನ್ನು ನಂಬಬಹುದು.

ಮಾಡಿ ನೋಡಿರಿ

ಕಾರಿಲ್ಲದವರೂ ಈ ಪಾಠವನ್ನು ಮೇಜಿನ ಮೇಲೆ ಕಲಿಯಬಹುದು. ಎರಡು ಶುಷ್ಕಕೋಶಗಳು, ಒಂದು ಟಾರ್ಚಿನ ಬಲ್ಬು, ತಗಡಿನ ಪಟ್ಟಿಗಳಿಂದ ಮಾಡಿದ ನಾಲ್ಕು ಸ್ವಿಚ್ಚುಗಳು, ಕಾರಿನ ಒಡಲಿಗೆ ಬದಲಾಗಿ ಒಂದು ತಗಡಿನ ಹಾಳೆ, ಇಷ್ಟಿದ್ದರೆ ಸಾಕು. ಕೋಶದ ಋಣಾಗ್ರವನ್ನು ಹಾಳೆಗೆ ಸೇರಿಸಿ, ಸ್ವಿಚ್ಚುಗಳನ್ನು ಬಲ್ಬಿಗೂ ಹಾಳೆಗೂ ನಡುವೆ ಸಮಾಂತರವಾಗಿ ಜೋಡಿಸಿರಿ. ನೀವು ಕಣ್ಣು ಮುಚ್ಚಿರುವಾಗ ಗೆಳೆಯನೊಬ್ಬನು ಒಂದು ಅಥವಾ ಎರಡು ಕಡೆ ಗುಟ್ಟಾಗಿ ದೋಷವನ್ನು ಮಾಡಿಡಲಿ. ಅದನ್ನು ಎಷ್ಟು ಪರೀಕ್ಷೆಗಳಲ್ಲಿ ಕಂಡುಹಿಡಿಯುವಿರೆಂದು ಎಣಿಸಿರಿ.

ಆಮೇಲೆ ಈ ಪ್ರಶ್ನೆಗಳಿಗೆ ಉತ್ತರ ಬರೆಯಿರಿ:

1. ಎರಡು ಸ್ವಿಚ್ಚುಗಳು ಕೂಡಿಕೊಂಡೇ ನಿಂತಿವೆ. ಪ್ರತಿಯೊಂದು ಸ್ವಿಚ್ಚನ್ನೂ ಕಳಚಿ ನೋಡಿದ ಕೂಡಲೆ ಮತ್ತೆ ಜೋಡಿಸುತ್ತ ಹೋದರೆ ದೋಷವು ಏಕೆ ಸಿಕ್ಕುವುದಿಲ್ಲ?

2. ಫಲಕದಲ್ಲಿ 1.2 ವಾಟಿನ ಬಲ್ಬಿಗೆ ಬದಲು 2.4 ವಾಟಿನದನ್ನು ಹಾಕಿದರೆ, ಆಚೆಯ ತಂತಿ ಒಡಲಿಗೆ ತಗಲಿದಾಗ ಹರಿಯುವ ಪ್ರವಾಹವೆಷ್ಟು?

3. ಬಾಗಿಲುಗಳೆಲ್ಲ ಭದ್ರವಾಗಿರುವಾಗ ಹಸಿರು ದೀಪ ಹೊತ್ತಿ, ಯಾವುದೊಂದು ತೆರೆದರೂ, ಯಾವ ತಂತಿ ಕಡಿದರೂ ಅದು ಆರುವಂತಹ ಮಂಡಲವನ್ನು ರಚಿಸಿರಿ. ಸ್ವಿಚ್ಚುಗಳನ್ನು ಸಮಾಂತರವಾಗಿ ಜೋಡಿಸಬೇಕೋ ಸರಣಿಯಲ್ಲಿ ಜೋಡಿಸಬೇಕೋ? ಗುಂಡಿ ಒತ್ತಿದಾಗ ಮಂಡಲವು ಕೂಡಬೇಕೋ ಕಡಿಯಬೇಕೋ?

ಮೂರನೆಯ ಪ್ರಶ್ನೆಗೆ ಸರಿಯಾದ ಚಿತ್ರವನ್ನು ಬರೆದ ವಿದ್ಯಾರ್ಥಿಯು ರಾಬಿನ್‌ಸನ್ನನ ಹಳಿಮಂಡಲದ ತತ್ತ್ವವನ್ನು ತಾನಾಗಿಯೇ ಕಂಡುಕೊಂಡಂತಾಗುತ್ತದೆ.